ಕಡಲ ಜಿಲ್ಲೆಗೆ ಆಕಾಶ ಯಾಕೆ ದೂರ? ಕಾಸರಗೋಡಿನ ಮಕ್ಕಳು ಮತ್ತು ಎನ್‌ಸಿಸಿ ಏರ್ ವಿಂಗ್

ಎನ್‌ಸಿಸಿಗೆ (ನ್ಯಾಷನಲ್ ಕೆಡೆಟ್ ಕೋರ್) ಹೊಸದಾಗಿ 3 ಲಕ್ಷ ಸೀಟು ಸೇರಿಸುವ ಪ್ರಸ್ತಾಪಕ್ಕೆ 2024ರ ಜುಲೈಯಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಒಪ್ಪಿಗೆ ಕೊಟ್ಟರು. ಗಡಿ ಮತ್ತು ಕರಾವಳಿಯ 173 ಜಿಲ್ಲೆಗಳಲ್ಲಿ ಒಂದು ಲಕ್ಷ ಹೊಸ ಕೆಡೆಟ್‌ಗಳನ್ನು ಸೇರಿಸುವ ಘೋಷಣೆ ಅದಕ್ಕೂ ಮೊದಲೇ, 2020ರ ಆಗಸ್ಟ್‌ನಲ್ಲಿ ಆಗಿತ್ತು. 2025ರಲ್ಲಿ ಇನ್ನೊಂದು ಸುದ್ದಿ: ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಪ್ಲಸ್ ಟುನಲ್ಲಿ ಫಿಸಿಕ್ಸ್, ಮ್ಯಾತ್ಸ್ ಓದಿರಲೇಬೇಕು ಅನ್ನುವ ನಿಯಮ ಸಡಿಲಿಸುವ ಆಲೋಚನೆ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದ ಕುಂಬಳೆ, ಬದಿಯಡ್ಕ, ಮಂಜೇಶ್ವರದ ತಂದೆತಾಯಿಗೆ ಬರುವ ಪ್ರಶ್ನೆ ಸರಳ. ನಮ್ಮದು ಗಡಿ ಜಿಲ್ಲೆಯೂ ಹೌದು, ಕರಾವಳಿಯೂ ಹೌದು. ಹಾಗಾದರೆ ನಮ್ಮ ಮಗಳಿಗೂ ಏರ್ ವಿಂಗ್ ಸಿಗುತ್ತದೆ, ವಿಮಾನ ಹಾರಿಸುವ ಕ್ಯಾಂಪ್, ಲೀಡರ್‌ಶಿಪ್ ಕೋರ್ಸ್ ಎಲ್ಲ ಸಿಗುತ್ತದೆ, ಅಲ್ವಾ?

ಅಷ್ಟು ಸಲೀಸಲ್ಲ. ಯಾಕೆ ಅಲ್ಲ ಅನ್ನುವುದನ್ನು ಬಿಡಿಸಿ ನೋಡಬೇಕು. ಹುಡುಗ ಹುಡುಗಿಯರ ಆಸಕ್ತಿಗಾಗಲಿ, ಬುದ್ಧಿಗಾಗಲಿ ಇದಕ್ಕೂ ಸಂಬಂಧ ಇಲ್ಲ. ಶಾಲೆ ಯಾವ ಘಟಕಕ್ಕೆ ಸೇರಿದೆ, ಆ ಘಟಕ ಎಲ್ಲಿ ಕೂತಿದೆ ಅನ್ನುವುದೇ ಇಲ್ಲಿ ಮುಕ್ಕಾಲು ಪಾಲು ನಿರ್ಧರಿಸುತ್ತದೆ.

ಯೂನಿಫಾರ್ಮ್ ಹಲವು, ದಾರಿ ಬೇರೆ ಬೇರೆ

ಕಾಸರಗೋಡಿನ ಹೈಸ್ಕೂಲಿನ ಅಂಗಳದಲ್ಲಿ ನಿಂತರೆ ಯೂನಿಫಾರ್ಮಿಗೆ ಬರವಿಲ್ಲ. ಸ್ಕೌಟ್ಸ್ ಮತ್ತು ಗೈಡ್ಸ್, ಜೂನಿಯರ್ ರೆಡ್‌ಕ್ರಾಸ್, ಸ್ಟೂಡೆಂಟ್ ಪೊಲೀಸ್ ಕೆಡೆಟ್, ಕೆಲವು ಕಡೆ ಎನ್‌ಸಿಸಿ. ಇದರಲ್ಲಿ ಜಾಸ್ತಿ ಗೊಂದಲ ಆಗುವುದು ಕೊನೆಯ ಎರಡರ ನಡುವೆ. ಎರಡರಲ್ಲೂ ಖಾಕಿ ಕಾಣಬಹುದು, ಎರಡರಲ್ಲೂ ಪರೇಡ್ ಇದೆ, ಎರಡರಲ್ಲೂ 'ಕೆಡೆಟ್' ಅನ್ನುತ್ತಾರೆ. ಆದರೆ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಎಂಬುದು 2010ರಲ್ಲಿ ಕೇರಳ ಪೊಲೀಸರು ಶುರುಮಾಡಿದ ಯೋಜನೆ. ಎನ್‌ಸಿಸಿ 1948ರ ಕಾಯ್ದೆಯಿಂದ ಹುಟ್ಟಿದ್ದು, ರಕ್ಷಣಾ ಇಲಾಖೆಯ ಕೆಳಗೆ ಬರುತ್ತದೆ. ವಾಯುಪಡೆಯ ಬಾಗಿಲು ತಟ್ಟಲು ಎ (ಶಾಲೆಯಲ್ಲಿ), ಬಿ, ಸಿ (ಕಾಲೇಜಿನಲ್ಲಿ) ಸರ್ಟಿಫಿಕೇಟುಗಳು ಸಿಗುವುದು ಇಲ್ಲಿ ಮಾತ್ರ.

ಎನ್‌ಸಿಸಿಯೊಳಗೆ ಮತ್ತೆ ಮೂರು ಕವಲು: ಆರ್ಮಿ, ನೇವಲ್, ಏರ್. ಮಗು ಯಾವುದಕ್ಕೆ ಸೇರಬೇಕು ಅಂತ ಮಗುವಾಗಲಿ ಮನೆಯವರಾಗಲಿ ತೀರ್ಮಾನಿಸುವುದಿಲ್ಲ. ಶಾಲೆಗೆ ಯಾವ ವಿಂಗ್ ಮಂಜೂರಾಗಿದೆಯೋ ಅದು. ಅಮೆರಿಕದಲ್ಲಿ ಇಂಥದ್ದೇ ಕೆಡೆಟ್ ತರಬೇತಿ ಕೊಡುವ ಸಿವಿಲ್ ಏರ್ ಪಟ್ರೋಲ್ ಎಂಬ ಸಂಸ್ಥೆಯಲ್ಲಿ 12 ವರ್ಷ ತುಂಬಿದ ಮಗು ಯಾವ ಶಾಲೆಯಲ್ಲಿ ಓದುತ್ತಿದ್ದರೂ ಊರಿನ ಸ್ಕ್ವಾಡ್ರನ್ನಿಗೆ ಹೋಗಿ ಹೆಸರು ಬರೆಸಬಹುದು. ಆಮೇಲೆ ಬೇಸಿಗೆ ರಜೆಯ ವಿಶೇಷ ಶಿಬಿರಗಳಿಗೆ, ಗ್ಲೈಡರ್ ತರಬೇತಿಗೆ, ನಾಯಕತ್ವದ ಕೋರ್ಸಿಗೆ ತಾನೇ ಅರ್ಜಿ ಹಾಕಬಹುದು. ನಮ್ಮಲ್ಲಿ ಬಹುಮಟ್ಟಿಗೆ ಶಾಲೆ ಕಾಲೇಜೇ ಹೆಬ್ಬಾಗಿಲು. ಶಾಲೆಗೆ ಇಲ್ಲ ಅಂದರೆ ಮಗುವಿಗೂ ಇಲ್ಲ.

ಏರ್ ವಿಂಗ್‌ನಲ್ಲಿ ಕಲಿಸುವುದೇನು?

ಬಹಳಷ್ಟು ಪಾಠ ಎಲ್ಲ ವಿಂಗ್‌ಗಳಿಗೂ ಒಂದೇ. ಡ್ರಿಲ್, ಬಂದೂಕಿನ ತರಬೇತಿ, ಪ್ರಥಮ ಚಿಕಿತ್ಸೆ, ವಿಪತ್ತು ನಿರ್ವಹಣೆ, ಸಮಾಜಸೇವೆ. ಉಳಿದದ್ದರಲ್ಲಿ ವಿಮಾನ ಬರುತ್ತದೆ. ಹಾರಾಟದ ತತ್ವ, ಎಂಜಿನ್, ದಿಕ್ಕು ಹಿಡಿಯುವ ಕ್ರಮ, ಹವಾಮಾನ, ಕಾಕ್‌ಪಿಟ್ಟಿನ ಮೀಟರುಗಳು, ಆಕಾಶದಲ್ಲಿ ಹೋಗುವ ವಿಮಾನವನ್ನು ಆಕಾರ ನೋಡಿ ಗುರುತಿಸುವುದು.

ಕೈಗೆ ಅಂಟುವ ಪಾಠ ಅಂದರೆ ಏರೋಮಾಡೆಲಿಂಗ್. ಬಾಲ್ಸಾ ಎಂಬ ಹಗುರ ಮರದ ಹಾಳೆ, ಬ್ಲೇಡು, ಗೋಂದು, ಮರಳು ಕಾಗದ. ಮೊದಲ ದಿನ ಮಾಡುವುದು ಕೈಯಿಂದ ಎಸೆಯುವ ಪುಟ್ಟ ಗ್ಲೈಡರ್. ಎಸೆದ ಕೂಡಲೇ ಅದು ಮೂಗು ಮೇಲೆತ್ತಿ ಒಂದು ಕ್ಷಣ ನಿಂತಂತಾಗಿ ಥಟ್ಟನೆ ಕೆಳಗೆ ಬೀಳುತ್ತದೆ. ಕಾರಣ, ಮೂಗಿನ ಕಡೆ ತೂಕ ಸಾಲದು. ಕಡಲೆಕಾಳಿನಷ್ಟು ಜೇಡಿಮಣ್ಣು ಮೂಗಿಗೆ ಅಂಟಿಸಿ ಮತ್ತೆ ಎಸೆದರೆ ತೇಲುತ್ತದೆ. ಜಾಸ್ತಿ ಅಂಟಿಸಿದರೆ ನೇರ ನೆಲಕ್ಕೆ. ರೆಕ್ಕೆ ಯಾಕೆ ಎತ್ತುತ್ತದೆ, ಭಾರದ ಕೇಂದ್ರ ಎಲ್ಲಿರಬೇಕು, 'ಸ್ಟಾಲ್' ಅಂದರೇನು ಎಂಬುದನ್ನು ಎಂಟನೇ ತರಗತಿಯ ಮಗು ಪುಸ್ತಕ ತೆರೆಯುವ ಮೊದಲೇ ಕಂಡುಕೊಳ್ಳುತ್ತದೆ. ಈ ಪಾಠಕ್ಕೆ ರನ್‌ವೇ ಬೇಡ, ದೊಡ್ಡ ದುಡ್ಡೂ ಬೇಡ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಜವಾದ ಹಾರಾಟ ಮೈಕ್ರೋಲೈಟ್‌ನಲ್ಲಿ. ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ 'ವೈರಸ್ ಎಸ್‌ಡಬ್ಲ್ಯು 80' ಎಂಬ ಪುಟ್ಟ ವಿಮಾನ. ವಾಯುಪಡೆ, ನೌಕಾಪಡೆ, ಎನ್‌ಸಿಸಿ ಮೂರಕ್ಕೂ ಸೇರಿ ಇಂಥ 194 ವಿಮಾನಗಳ ಖರೀದಿಗೆ 2015ರಲ್ಲಿ ಒಪ್ಪಂದ ಆಗಿತ್ತು. 80 ಅಶ್ವಶಕ್ತಿಯ ಎಂಜಿನ್, ಎರಡೇ ಸೀಟು. ಒಂದರಲ್ಲಿ ತರಬೇತಿ ಕೊಡುವ ಪೈಲಟ್, ಇನ್ನೊಂದರಲ್ಲಿ ಕೆಡೆಟ್.

ಕ್ಯಾಂಪಿನ ಏಣಿ

'ವಿಶೇಷ ತರಬೇತಿ' ಅನ್ನುವುದು ಒಂದು ಕ್ಯಾಂಪಲ್ಲ, ಏಣಿ. ಕೆಳಗಿನ ಮೆಟ್ಟಿಲು ಹತ್ತು ದಿನದ ವಾರ್ಷಿಕ ತರಬೇತಿ ಶಿಬಿರ. ಸರ್ಟಿಫಿಕೇಟ್ ಪರೀಕ್ಷೆಗೆ ಕೂರಬೇಕಾದರೆ ಕ್ಲಾಸಿನಲ್ಲಿ 75% ಹಾಜರಿ ಮತ್ತು ಈ ಶಿಬಿರ ಬೇಕೇಬೇಕು. ಇಲ್ಲಿವರೆಗೆ ಎಲ್ಲರಿಗೂ ಸಮಪಾಲು.

ಅದರ ಮೇಲೆ ಹೋದಂತೆ ಮೆಟ್ಟಿಲು ಕಿರಿದಾಗುತ್ತದೆ. ಏರ್ ವಿಂಗ್‌ನವರಿಗೆ ಅಖಿಲ ಭಾರತ ವಾಯು ಸೈನಿಕ ಶಿಬಿರ ಇದೆ. ಹಾರಾಟ, ಏರೋಮಾಡೆಲಿಂಗ್, ಗುರಿ ಹೊಡೆಯುವುದು, ಗಾಳಿಯಲ್ಲಿ ಹಾರುವ ಬಿಲ್ಲೆಗೆ ಗುಂಡು ಹಾರಿಸುವ ಸ್ಕೀಟ್ ಶೂಟಿಂಗ್ ಇತ್ಯಾದಿಯಲ್ಲಿ ದೇಶದ 17 ಡೈರೆಕ್ಟೊರೇಟುಗಳ (ರಾಜ್ಯ ಮಟ್ಟದ ಎನ್‌ಸಿಸಿ ಆಡಳಿತ ವಿಭಾಗಗಳ) ನಡುವೆ ಪೈಪೋಟಿ. ಆಮೇಲೆ ಹೈದರಾಬಾದಿನ ಬಳಿ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಅಟ್ಯಾಚ್‌ಮೆಂಟ್, ಅಂದರೆ ಅಲ್ಲೇ ಕೆಲವು ದಿನ ಇದ್ದು ಕಲಿಯುವುದು. ನಾಯಕತ್ವದ ಶಿಬಿರಗಳು. ವಿದೇಶಕ್ಕೆ ಹೋಗುವ ಯುವ ವಿನಿಮಯ ಕಾರ್ಯಕ್ರಮ. ತುದಿಯಲ್ಲಿ ದೆಹಲಿಯ ಗಣರಾಜ್ಯೋತ್ಸವ ಶಿಬಿರ.

ಮೇಲಿನ ಮೆಟ್ಟಿಲು ಎಷ್ಟು ಕಿರಿದು ಅಂದರೆ, 2025ರ ಗಣರಾಜ್ಯೋತ್ಸವ ಶಿಬಿರಕ್ಕೆ ಹೋದವರು 2,361 ಮಂದಿ. ಅವರಲ್ಲಿ 917 ಹುಡುಗಿಯರು. ಆಗ ಎನ್‌ಸಿಸಿಯ ಒಟ್ಟು ಬಲ ಸುಮಾರು 17 ಲಕ್ಷ. ಸಾವಿರಕ್ಕೆ ಒಬ್ಬರೋ ಒಂದೂವರೆಯೋ ಅನ್ನುವ ಲೆಕ್ಕ. 3 ಲಕ್ಷ ಸೀಟು ಸೇರಿ ಬಲ 20 ಲಕ್ಷಕ್ಕೆ ಏರಿದರೆ ಏಣಿಯ ಬುಡ ಅಗಲ ಆಗುತ್ತದೆ. ತುದಿಯೂ ಅಷ್ಟೇ ಅಗಲ ಆಗುತ್ತದೆ ಅಂತ ಯಾರೂ ಹೇಳಿಲ್ಲ.

ಆಯ್ಕೆ ಹೇಗೆ? ಶಾಲೆಯಿಂದ ಘಟಕಕ್ಕೆ, ಘಟಕದಿಂದ ಗ್ರೂಪಿಗೆ, ಗ್ರೂಪಿನಿಂದ ಡೈರೆಕ್ಟೊರೇಟಿಗೆ. ಪ್ರತಿ ಹಂತದಲ್ಲೂ ಒಂದೊಂದು ಪೂರ್ವಭಾವಿ ಶಿಬಿರ. ದೆಹಲಿ ಮುಟ್ಟುವ ಮಗು ಒಂದು ವರ್ಷದಲ್ಲಿ ತಿಂಗಳುಗಟ್ಟಲೆ ಕ್ಲಾಸು ಕಳೆದುಕೊಳ್ಳುವುದು ಮಾಮೂಲು. ಮನೆಯಿಂದ ಆಕ್ಷೇಪ ಬರುವುದೂ ಇಲ್ಲೇ. ಗ್ರೇಸ್ ಮಾರ್ಕಿನ ಆಸೆಗೆ ಕಳಿಸಿದವರು ಪ್ಲಸ್ ಟು ಹೊತ್ತಿಗೆ ಟ್ಯೂಷನ್ ನೆನಪಿಸಿ ಹಿಂದಕ್ಕೆ ಎಳೆಯುತ್ತಾರೆ.

ಲೀಡರ್‌ಶಿಪ್ ಕೋರ್ಸ್ ಅಂದರೆ ಭಾಷಣ ಅಲ್ಲ

ನಾಯಕತ್ವ ಅಂದ ಕೂಡಲೇ ಮೈಕ್ ಮುಂದೆ ಜೋರಾಗಿ ಮಾತಾಡುವುದು ಅಂತ ಅಂದುಕೊಳ್ಳುವವರು ಬಹಳ. ಎನ್‌ಸಿಸಿಯ ನಾಯಕತ್ವ ಶಿಬಿರಗಳ ಕಣ್ಣಿರುವುದು ಬೇರೆ ಕಡೆ. ಸೇನೆಗೆ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನ ಹೇಗಿರುತ್ತದೋ ಅದರ ಅಭ್ಯಾಸ ಇಲ್ಲಿ ನಡೆಯುತ್ತದೆ. ಮಂಕಾದ ಚಿತ್ರ ತೋರಿಸಿ ಕತೆ ಬರೆಸುವುದು, ಪದ ಕೊಟ್ಟು ತಕ್ಷಣ ಹೊಳೆದ ವಾಕ್ಯ ಬರೆಸುವುದು, ಮೂರು ನಿಮಿಷ ಯೋಚಿಸಿ ಮೂರು ನಿಮಿಷ ಮಾತಾಡುವುದು, ಗುಂಪಿನಲ್ಲಿ ಕೆಲಸ ಮಾಡಿಸುವುದು.

ಹತ್ತಿರದಿಂದ ನೋಡಬೇಕಾದದ್ದು ಕಮಾಂಡ್ ಟಾಸ್ಕ್. ಮೈದಾನದಲ್ಲಿ ಎರಡು ಗೆರೆ. ನಡುವೆ ಅಲ್ಲಲ್ಲಿ ಕಂಬ, ಕಟ್ಟೆ. ಕೆಂಪು ಬಣ್ಣ ಬಳಿದದ್ದನ್ನು ಮುಟ್ಟುವಂತಿಲ್ಲ. ನೆಲಕ್ಕೂ ಕಾಲು ತಾಗಿಸುವಂತಿಲ್ಲ. ಕೈಯಲ್ಲಿರುವುದು ಒಂದು ಹಲಗೆ, ಒಂದು ಹಗ್ಗ, ಒಂದು 'ಬಲ್ಲಿ'. ಕನ್ನಡದ ಮಗುವಿನ ಕಿವಿಗೆ ಇದು ಬಳ್ಳಿ ಅಂತ ಕೇಳಿಸುತ್ತದೆ. ಹಗ್ಗ ಕೊಟ್ಟ ಮೇಲೆ ಬಳ್ಳಿ ಯಾಕೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಹಿಂದಿಯಲ್ಲಿ ಬಲ್ಲಿ ಅಂದರೆ ಉದ್ದನೆಯ ಮರದ ಗಳ. ಇಷ್ಟನ್ನು ಇಟ್ಟುಕೊಂಡು ಒಂದು ಭಾರವನ್ನೂ ಜೊತೆಯವರನ್ನೂ ಆಚೆ ದಾಟಿಸಬೇಕು. ಸುತ್ತ ನಿಂತು ನೋಡುವವರು ಸೇತುವೆ ಎಷ್ಟು ಚಂದ ಆಯಿತು ಅಂತ ನೋಡುವುದಿಲ್ಲ. ಮೊದಲ ಉಪಾಯ ಕೈಕೊಟ್ಟಾಗ ಸಿಟ್ಟಾದನಾ, ಸುಮ್ನೆ ನಿಂತವಳನ್ನು ಕೇಳಿದನಾ, ಇನ್ನೊಬ್ಬರ ಉಪಾಯ ಚೆನ್ನಾಗಿದ್ದರೆ ತನ್ನದನ್ನು ಬಿಟ್ಟನಾ ಅಂತ ನೋಡುತ್ತಾರೆ.

ಇದನ್ನು ಮನೆಯಲ್ಲಿ ಕೂತು ಪುಸ್ತಕದಿಂದ ಕಲಿಯುವುದು ಕಷ್ಟ. ಎರಡು ಮೂರು ಸಲ ಸೋತು ಕಲಿಯಬೇಕು. ಹಾಗಾಗಿ ಯಾರಿಗೆ ಶಿಬಿರ ಸಿಗುತ್ತದೆ ಅನ್ನುವ ಪ್ರಶ್ನೆಗೆ ತೂಕ ಬರುತ್ತದೆ. ಇತ್ತೀಚೆಗೆ ಎರಡು ಮೂರು ದಿನದ 'ಏವಿಯೇಷನ್ ಲೀಡರ್‌ಶಿಪ್ ಕ್ಯಾಂಪ್' ಅಂತ ಖಾಸಗಿಯವರ ಜಾಹೀರಾತುಗಳೂ ಬರುತ್ತವೆ. ಅಲ್ಲಿ ಖುಷಿ ಸಿಗಬಹುದು, ಸಿಮ್ಯುಲೇಟರ್ ಮುಟ್ಟಲು ಸಿಗಬಹುದು. ಆದರೆ ಅಲ್ಲಿ ಕೊಡುವ ಕಾಗದಕ್ಕೂ ಎನ್‌ಸಿಸಿ ಸರ್ಟಿಫಿಕೇಟಿಗೂ ಸಂಬಂಧ ಇಲ್ಲ. ಸೇನೆಯ ಅರ್ಜಿಯಲ್ಲಿ ಅದಕ್ಕೆ ಜಾಗವೂ ಇಲ್ಲ.

'ಗಡಿ' ಅಂದರೆ ಯಾವ ಗಡಿ?

ಈಗ ಮುಖ್ಯ ಸಿಕ್ಕಿಗೆ ಬರೋಣ. ಕನ್ನಡದಲ್ಲಿ ಗಡಿನಾಡು ಅಂದರೆ ಕಾಸರಗೋಡು ತಾನೇ ಕಣ್ಣ ಮುಂದೆ ಬರುತ್ತದೆ. ಆದರೆ 2020ರ ಯೋಜನೆಯಲ್ಲಿ ಗಡಿ ಅಂದದ್ದು ದೇಶದ ಗಡಿ. ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗೆರೆ ಆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಗೆ ಕಾಸರಗೋಡಿಗೆ ಉಳಿಯುವುದು 'ಕರಾವಳಿ' ಅನ್ನುವ ಗುರುತು ಮಾತ್ರ.

ಈ ಗುರುತಿನಿಂದ ಆಗುವುದೇನು ಅಂತ ನೋಡಿ. ಆ ಯೋಜನೆಯಲ್ಲಿ ಕೆಲಸ ಹಂಚಿದ್ದು ಹೀಗೆ: ಗಡಿಯ ಘಟಕಗಳಿಗೆ ಭೂಸೇನೆಯ ನೆರವು, ಕರಾವಳಿಯ ಘಟಕಗಳಿಗೆ ನೌಕಾಪಡೆಯ ನೆರವು, ವಾಯುಪಡೆ ನಿಲ್ದಾಣದ ಹತ್ತಿರ ಇರುವ ಘಟಕಗಳಿಗೆ ವಾಯುಪಡೆಯ ನೆರವು. ಮೇಲ್ದರ್ಜೆಗೆ ಏರಿಸಲು ಗುರುತಿಸಿದ 83 ಘಟಕಗಳಲ್ಲಿ ಭೂಸೇನೆಯ ಪಾಲು 53, ನೌಕಾಪಡೆಯದು 20, ವಾಯುಪಡೆಯದು 10.

ಕಾಸರಗೋಡಿನಲ್ಲಿ ವಾಯುಪಡೆ ನಿಲ್ದಾಣ ಇಲ್ಲ. ದಕ್ಷಿಣಕ್ಕೆ ಪಯ್ಯನ್ನೂರಿನ ಬಗಲಲ್ಲಿ ಏಳಿಮಲೆಯ ನೌಕಾ ಅಕಾಡೆಮಿ ಇದೆ. ಪಡುವಣಕ್ಕೆ ಕಡಲು. ಎಲ್ಲ ಸೂಜಿಯೂ ನೌಕಾಪಡೆಯ ಕಡೆಗೇ ತಿರುಗುತ್ತದೆ. ಅಂದರೆ ವಿಸ್ತರಣೆಯ ಸುದ್ದಿ ನಿಜ, ಜಿಲ್ಲೆಗೆ ಅದರಿಂದ ಏನಾದರೂ ಬರುವುದೂ ನಿಜವಿರಬಹುದು. ಆದರೆ ಬಂದರೆ ಬಿಳಿ ಸಮವಸ್ತ್ರ ಬರುವ ಸಾಧ್ಯತೆ ಜಾಸ್ತಿ, ಆಕಾಶನೀಲಿ ಅಲ್ಲ. ಕಡಲಿನ ಮಕ್ಕಳಿಗೆ ನೇವಲ್ ವಿಂಗ್ ಕಳಪೆ ಅಂತ ಹೇಳುತ್ತಿಲ್ಲ. ದೋಣಿ ನಡೆಸುವುದು, ಸಿಗ್ನಲ್ಲು, ಈಜು ಇವೂ ಚಂದದ ವಿದ್ಯೆಗಳೇ. ವಿಮಾನ ಕೇಳಿದವರಿಗೆ ಅದು ಉತ್ತರ ಅಲ್ಲ, ಅಷ್ಟೇ.

ಇನ್ನು 2024ರ 3 ಲಕ್ಷ ಸೀಟು ರಾಜ್ಯಗಳಿಗೆ ಹಂಚಿಕೆ. ಜಿಲ್ಲೆಯ ಶಾಲೆಗಳು ತಂತಮ್ಮ ಘಟಕದ ಕಾಯುವ ಪಟ್ಟಿಯಲ್ಲಿ ಎಷ್ಟು ಹಿಂದಿವೆ ಅನ್ನುವುದರ ಮೇಲೆ ಪಾಲು.

50 ಕಿ.ಮೀ. ಅಥವಾ 300 ಕಿ.ಮೀ.

ಕೇರಳದ ಏರ್ ಸ್ಕ್ವಾಡ್ರನ್‌ಗಳ (ಏರ್ ವಿಂಗ್ ಘಟಕಗಳ) ನೆಲೆ ತಿರುವನಂತಪುರ, ಕೊಚ್ಚಿ, ತೃಶ್ಶೂರು. ಹತ್ತಿರದ ತೃಶ್ಶೂರೇ ಕಾಸರಗೋಡಿನಿಂದ ರೈಲಿನಲ್ಲಿ 300 ಕಿ.ಮೀ. ಆಸುಪಾಸು. ತಿರುವನಂತಪುರ 550 ಕಿ.ಮೀ.ಗೂ ಜಾಸ್ತಿ. ಇನ್ನೊಂದು ಕಡೆ ಮಂಗಳೂರಿನಲ್ಲಿ 6 ಕರ್ನಾಟಕ ಏರ್ ಸ್ಕ್ವಾಡ್ರನ್ ಇದೆ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿ.ಮೀ. ಮಂಜೇಶ್ವರದವರಿಗೆ ಅದರ ಅರ್ಧವೂ ಇಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಪರೇಡಿನ ಹೊತ್ತಿಗೆ ತಲುಪಬಹುದು.

ಒಂದು ಹಳೇ ಸಂಗತಿ ಇಲ್ಲಿ ನೆನಪಾಗುತ್ತದೆ. ಎನ್‌ಸಿಸಿಯಲ್ಲಿ ಏರ್ ವಿಂಗ್ ಶುರುವಾದದ್ದು 1950ರಲ್ಲಿ. ಬಜ್ಪೆಯಲ್ಲಿ ನೆಹರೂ ವಿಮಾನ ಇಳಿದು ನಿಲ್ದಾಣ ಉದ್ಘಾಟಿಸಿದ್ದು 1951ರ ಡಿಸೆಂಬರ್ 25ರಂದು. ಆ ದಿನಗಳಲ್ಲಿ ಕಾಸರಗೋಡು, ಮಂಗಳೂರು ಎರಡೂ ಮದ್ರಾಸ್ ರಾಜ್ಯದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ಕ್ಕೆ ಗೆರೆ ಬಿತ್ತು. ಶಾಲೆಯ ಭಾಷೆ, ಕಚೇರಿಯ ಭಾಷೆ ಬದಲಾದ ಕತೆ ಎಲ್ಲರಿಗೂ ಗೊತ್ತು. ಸ್ಕ್ವಾಡ್ರನ್ ಕೈತಪ್ಪಿದ್ದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಹಾಗಾದರೆ ಗಡಿಯ ಶಾಲೆಗಳನ್ನು ಮಂಗಳೂರಿನ ಸ್ಕ್ವಾಡ್ರನ್ನಿಗೆ ಜೋಡಿಸಬಾರದೇಕೆ? ಜೋಡಿಸಿ ಅನ್ನುವವರ ವಾದಕ್ಕೆ ಜೋರಿದೆ. ಎನ್‌ಸಿಸಿ ಕೇಂದ್ರದ ಸಂಸ್ಥೆ. ಗೋವಾ ಕರ್ನಾಟಕದ ಜೊತೆ ಒಂದೇ ಡೈರೆಕ್ಟೊರೇಟಿನಲ್ಲಿದೆ, ಲಕ್ಷದ್ವೀಪ ಕೇರಳದ ಜೊತೆಗಿದೆ. ರಾಜ್ಯದ ಗೆರೆ ದಾಟುವುದು ಹೊಸದೇನಲ್ಲ.

ಆಡಳಿತದ ಕಡೆಯ ಉತ್ತರವೂ ಪೊಳ್ಳಲ್ಲ. ಗೋವಾ, ಲಕ್ಷದ್ವೀಪ ಇಡಿಯಾಗಿ ಸೇರಿದವು. ಒಂದು ಜಿಲ್ಲೆಯ ನಾಲ್ಕು ಶಾಲೆಯನ್ನು ಬಿಡಿಸಿ ಕೊಡುವುದು ಬೇರೆ ಮಾತು. ಎನ್‌ಸಿಸಿ ಖರ್ಚಿನಲ್ಲಿ ರಾಜ್ಯ ಸರ್ಕಾರದ ಪಾಲಿದೆ. ಕೇರಳದ ಶಾಲೆಯ ಮಗುವಿನ ಕ್ಯಾಂಪಿನ ಊಟಕ್ಕೆ, ಕಚೇರಿ ಸಿಬ್ಬಂದಿಗೆ ಯಾವ ಖಜಾನೆಯಿಂದ ದುಡ್ಡು? ಗ್ರೇಸ್ ಮಾರ್ಕ್ ಕೊಡುವುದು ಕೇರಳದ ಶಿಕ್ಷಣ ಇಲಾಖೆ. ಕರ್ನಾಟಕದ ಗ್ರೂಪ್ ಸಹಿ ಹಾಕಿದ ಕಾಗದವನ್ನು ಅದು ಹೇಗೆ ನೋಡುತ್ತದೆ? ದೆಹಲಿ ಶಿಬಿರಕ್ಕೆ ಆ ಮಗು ಯಾವ ರಾಜ್ಯದ ತಂಡದಲ್ಲಿ ನಡೆಯಬೇಕು? ಪ್ರತಿಯೊಂದಕ್ಕೂ ಉತ್ತರ ಹುಡುಕಬಹುದು. ಆದರೆ ಎರಡು ಸರ್ಕಾರ ಒಟ್ಟಿಗೆ ಕೂತು ಹುಡುಕಬೇಕು. 2020ರ ಕೊರೋನಾ ದಿನಗಳಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ ಆಂಬುಲೆನ್ಸ್ ಬಿಡುವ ವಿಷಯಕ್ಕೇ ತಲಪಾಡಿಯಲ್ಲಿ ಏನಾಯಿತು ಅಂತ ನೋಡಿದವರು ಇದಕ್ಕೆ ಜಾಸ್ತಿ ಆಸೆ ಇಟ್ಟುಕೊಳ್ಳಲಾರರು.

ಎರಡು ಸೀಟು, ನಾಲ್ಕು ತಿಂಗಳ ಮಳೆ

ಜಿಲ್ಲೆಗೇ ಒಂದು ಏರ್ ಸ್ಕ್ವಾಡ್ರನ್ ಕೊಡಿ ಅಂದರೆ? ಆಗ ರನ್‌ವೇ ಪ್ರಶ್ನೆ ಏಳುತ್ತದೆ. ಪೆರಿಯದಲ್ಲಿ ಪುಟ್ಟ ವಿಮಾನ ಇಳಿದಾಣದ ಮಾತು ವರ್ಷಗಳಿಂದ ಕೇಳಿಬರುತ್ತಿದೆ, ಅದೂ ಬೇಕಲದ ಪ್ರವಾಸಿಗರನ್ನು ನೆನೆದು. ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ತೆರೆಯಿತು. ಆದರೆ ದೊಡ್ಡ ವಿಮಾನಗಳು ಇಳಿಯುವ ಕಡೆ ಮೈಕ್ರೋಲೈಟ್ ಹಾರಿಸಲು ಸಮಯ ಹೊಂದಿಸುವುದು ಸುಲಭವಲ್ಲ.

ಎನ್‌ಸಿಸಿಗಾಗಿಯೇ ರನ್‌ವೇ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಕೇರಳದಲ್ಲೇ ಉದಾಹರಣೆ ಇದೆ. ಇಡುಕ್ಕಿಯ ವಂಡಿಪೆರಿಯಾರ್ ಬಳಿ ಸತ್ರಂ ಎಂಬಲ್ಲಿ 650 ಮೀಟರ್ ರನ್‌ವೇ ಮಾಡಿದರು. ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶ ಪಕ್ಕದಲ್ಲೇ ಇರುವುದರಿಂದ ಆಕ್ಷೇಪಗಳೂ ಎದ್ದವು. 2022ರ ಮಳೆಗೆ ರನ್‌ವೇಯ ಒಂದು ಬದಿ ಕುಸಿಯಿತು. ಕೊನೆಗೆ ಅದೇ ವರ್ಷ ಡಿಸೆಂಬರ್ 1ರಂದು ಮೊದಲ ಪುಟ್ಟ ವಿಮಾನ ಇಳಿಯಿತು. ಬೆಟ್ಟ ಕಡಿದು, ಮಳೆಯೊಡನೆ ಗುದ್ದಾಡಿ ಮಾಡುವ ಕೆಲಸ ಅದು.

ಕಾಸರಗೋಡಿನಲ್ಲೂ ಮಳೆ ಕಡಿಮೆಯೇನಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಶಾಲೆ ಶುರುವಾಗುವುದೂ ಜೂನ್‌ನಲ್ಲೇ. ಹಾರಾಟಕ್ಕೆ ಹದವಾದ ತಿಂಗಳು ಬರುವ ಹೊತ್ತಿಗೆ ಅರ್ಧ ವರ್ಷ ಮುಗಿದಿರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಒಂದು ಘಟಕದಲ್ಲಿ 200 ಕೆಡೆಟ್‌ಗಳು, ಒಬ್ಬರಿಗೆ 20 ನಿಮಿಷದ ಹಾರಾಟ ಅಂತ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಬ್ಬರೇ ಕೂರಬಹುದಾದ್ದರಿಂದ 67 ಗಂಟೆ ಬೇಕು. ಅದರ ಮೇಲೆ ಮಂಜು, ಗಾಳಿ, ರಿಪೇರಿ, ಪೈಲಟ್ ರಜೆ. ಹಾಗಾಗಿ ಏರ್ ವಿಂಗ್ ಸೇರಿದ ಮಕ್ಕಳಲ್ಲೂ ಬಹಳ ಮಂದಿ ಆಕಾಶ ಮುಟ್ಟುವುದು ಒಂದೋ ಎರಡೋ ಸಲ. ಹಾರುವುದೇ ಏರ್ ವಿಂಗ್ ಅಂತ ತಿಳಿದು ಹೋದವರು ನಿರಾಶರಾಗುವುದೂ ಇದಕ್ಕೇ.

ಮಾಷ್ಟ್ರು ಯಾರು, ದುಡ್ಡು ಯಾರದು?

ಶಾಲೆಗೆ ಎನ್‌ಸಿಸಿ ಬರಬೇಕಾದರೆ ಅದನ್ನು ನಡೆಸುವ ಒಬ್ಬ ಶಿಕ್ಷಕರು ಬೇಕು. ಎಎನ್‌ಒ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್) ಅಂತ ಕರೆಯುತ್ತಾರೆ. ಪುರುಷರಾದರೆ ನಾಗಪುರದ ಬಳಿಯ ಕಾಂಪ್ಟಿಯಲ್ಲಿ, ಮಹಿಳೆಯರಾದರೆ ಗ್ವಾಲಿಯರ್‌ನಲ್ಲಿ ತರಬೇತಿ ಮುಗಿಸಿ ಬರಬೇಕು. ಒಬ್ಬೊಬ್ಬರೇ ಶಿಕ್ಷಕರು ಮೂರು ವಿಷಯ ಕಲಿಸುವ, ದಿನಗೂಲಿಯ ಮೇಲೆ ಪಾಠ ಸಾಗುವ ಕನ್ನಡ ಮಾಧ್ಯಮ ಶಾಲೆಯಲ್ಲಿ ಯಾರನ್ನು ಕಳಿಸುವುದು? ವರ್ಗಾವಣೆಯಾದರೆ ಆಮೇಲೆ ಯಾರು? ಕೇಳಲು ಸಣ್ಣ ವಿಷಯ. ಎಷ್ಟೋ ಕಡೆ ಅರ್ಜಿ ನಿಲ್ಲುವುದು ಇಲ್ಲೇ. ನಿವೃತ್ತ ಸೈನಿಕರನ್ನು ತರಬೇತುದಾರರಾಗಿ ತೆಗೆದುಕೊಳ್ಳುವ ಮಾತು 2024ರ ನಿರ್ಧಾರದಲ್ಲಿದೆ. ಅದು ಸರಿಯಾಗಿ ಜಾರಿಯಾದರೆ ಈ ಗಂಟು ಸ್ವಲ್ಪ ಸಡಿಲಾಗುತ್ತದೆ.

ಇನ್ನೊಂದು ದಾರಿ ಪೂರ್ಣ ಸ್ವಂತ ಖರ್ಚಿನ ಯೋಜನೆ. ಶಾಲೆಯೇ ಖರ್ಚು ಹೊತ್ತರೆ ಎನ್‌ಸಿಸಿ ಪಡೆಯಬಹುದು. ಫೀಸು ವಸೂಲಿ ಮಾಡುವ ಖಾಸಗಿ ಶಾಲೆಗೆ ಇದು ಸಲೀಸು, ಜಾಹೀರಾತಿಗೂ ಚಂದ. ಸರ್ಕಾರಿ, ಅನುದಾನಿತ ಶಾಲೆಗೆ ಆಗದ ಮಾತು. ಸೀಟು ಹೆಚ್ಚಿದರೂ ಅದು ಇಂಗ್ಲಿಷ್ ಮಾಧ್ಯಮದ ಕಡೆಗೆ ಹರಿದು ಹೋಗುವ ಅಪಾಯ ನಿಜಕ್ಕೂ ಇದೆ. ಮಂಗಳೂರಿಗೆ ಜೋಡಿಸುವ ಜಗಳಕ್ಕಿಂತ ಇದರ ಬಗ್ಗೆ ಜಿಲ್ಲೆಯ ಕನ್ನಡಿಗರು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು ಅಂತ ನನಗನ್ನಿಸುತ್ತದೆ.

ಐದು ಭಾಷೆಯ ಪರೇಡು

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಪರೇಡಿಗೆ ನಿಂತರೆ 'ಸಾವಧಾನ್', 'ವಿಶ್ರಾಮ್', 'ದಾಯೆ ಮುಡ್', ಪೂರಾ ಹಿಂದಿ. ಗ್ರೂಪ್ ಡಿಸ್ಕಷನ್ ಇಂಗ್ಲಿಷಿನಲ್ಲಿ. ಆಜ್ಞೆಗಳು ಒಂದು ವಾರದಲ್ಲಿ ಕಾಲಿಗೆ ಇಳಿಯುತ್ತವೆ, ಅದು ತೊಡಕಲ್ಲ. ತೊಡಕಾಗುವುದು ಹವಾಮಾನ, ಹಾರಾಟದ ತತ್ವದಂಥ ಪಾಠವನ್ನು ಮಲಯಾಳದಲ್ಲಿ ವಿವರಿಸಿದಾಗ, ಮತ್ತು ಮೂರು ನಿಮಿಷದ ಮಾತಿಗೆ ಇಂಗ್ಲಿಷ್ ತಡಕಾಡಿದಾಗ. ಕನ್ನಡದಲ್ಲಿ ಏರ್ ವಿಂಗ್ ಪಾಠದ ಒಂದು ಒಳ್ಳೆಯ ಕೈಪಿಡಿ ಇದ್ದರೆ ಗಡಿಯ ಎರಡೂ ಕಡೆಯ ಮಕ್ಕಳಿಗೆ ಬಳಕೆಯಾಗುತ್ತಿತ್ತು. ಇನ್ನೊಂದು ಮಗ್ಗುಲೂ ಇದೆ. ದೇಶದ ನಾನಾ ಕಡೆಯ ಮಕ್ಕಳು ಒಂದೇ ಟೆಂಟಿನಲ್ಲಿ ಮಲಗುವ ಶಿಬಿರದಲ್ಲಿ, ಐದು ಭಾಷೆಯ ನಡುವೆ ಬೆಳೆದ ಕಾಸರಗೋಡಿನ ಮಗು ಯಾರ ಜೊತೆಗೂ ಬೇಗ ಹೊಂದಿಕೊಳ್ಳುತ್ತದೆ. ಕಮಾಂಡ್ ಟಾಸ್ಕ್ ನೋಡುವವರು ಅದನ್ನೂ ನೋಡುತ್ತಾರೆ.

ಸರ್ಟಿಫಿಕೇಟ್ ಎಲ್ಲಿವರೆಗೆ ಒಯ್ಯುತ್ತದೆ?

ಮೊದಲು ಒಂದು ತಪ್ಪು ತಿಳುವಳಿಕೆ ಬಿಡೋಣ. ಎನ್‌ಸಿಸಿ ಯಾರನ್ನೂ ಪೈಲಟ್ ಮಾಡುವುದಿಲ್ಲ. ನಾಗರಿಕ ವಿಮಾನದ ವಾಣಿಜ್ಯ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಬೇಕು, ಅದಕ್ಕೆ ದೊಡ್ಡ ಮೊತ್ತ ಬೇಕು. 2025ರ ಫಿಸಿಕ್ಸ್-ಮ್ಯಾತ್ಸ್ ಸುದ್ದಿ ಈ ಲೈಸೆನ್ಸಿಗೆ ಸಂಬಂಧಪಟ್ಟದ್ದು. ವಾಯುಪಡೆಗೂ ಅದಕ್ಕೂ ಸಂಬಂಧ ಇಲ್ಲ. ವಾಯುಪಡೆಯ ಹಾರಾಟ ಶಾಖೆಗೆ ಹೋಗಬೇಕಾದರೆ ಪ್ಲಸ್ ಟುನಲ್ಲಿ ಆ ಎರಡೂ ವಿಷಯ ಇರಬೇಕು. ಕಾಮರ್ಸ್ ತೆಗೆದುಕೊಂಡು ಎನ್‌ಸಿಸಿ ಸೇರಿದರೆ ಆಯಿತು ಅಂತ ನಂಬಿದವರು ಮೂರು ವರ್ಷ ಕಳೆದ ಮೇಲೆ ಪೇಚಾಡಬೇಕಾಗುತ್ತದೆ.

ಏರ್ ವಿಂಗ್‌ನ ನಿಜವಾದ ಬೆಲೆ ಇರುವುದು ಬೇರೆ ಕಡೆ. ಕಾಲೇಜು ಮಟ್ಟದ ಏರ್ ವಿಂಗ್‌ನ ಸಿ ಸರ್ಟಿಫಿಕೇಟ್ ಇದ್ದವರಿಗೆ ವಾಯುಪಡೆಯ ಹಾರಾಟ ಶಾಖೆಯಲ್ಲಿ 10% ಸೀಟು ಮೀಸಲು. ಎಎಫ್‌ಕ್ಯಾಟ್ ಲಿಖಿತ ಪರೀಕ್ಷೆ ಬರೆಯದೆ ನೇರ ಆಯ್ಕೆ ಮಂಡಳಿಯ ಮುಂದೆ ಕೂರಬಹುದು. ಅಂಥ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಆದರೆ ಅಲ್ಲಿನ ಕಂಪ್ಯೂಟರ್ ಪೈಲಟ್ ಪರೀಕ್ಷೆ ಬದುಕಿನಲ್ಲಿ ಒಂದೇ ಸಲ. ಫೇಲಾದರೆ ಹಾರಾಟ ಶಾಖೆಯ ಆಸೆ ಅಲ್ಲಿಗೆ ಮುಗಿಯಿತು.

ಆರ್ಮಿ ವಿಂಗ್‌ನ ಸಿ ಸರ್ಟಿಫಿಕೇಟಿಗೆ ಈ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಭೂಸೇನೆಯ ವಿಶೇಷ ನೇಮಕಾತಿಯ ದಾರಿ ಬೇರೆ ಇದೆ. ಒಂದೇ ಊರಿನ, ಒಂದೇ ಬುದ್ಧಿಯ ಇಬ್ಬರು ಹುಡುಗಿಯರಲ್ಲಿ ಒಬ್ಬಳಿಗೆ ಇರುವ ಬಾಗಿಲು ಇನ್ನೊಬ್ಬಳಿಗೆ ಇಲ್ಲದಿರುವುದು ಕಾಲೇಜಿಗೆ ಯಾವ ವಿಂಗ್ ಸಿಕ್ಕಿತ್ತು ಅನ್ನುವ ಒಂದೇ ಕಾರಣಕ್ಕೆ.

ಮುಂದೆ ಏನಾಗಬಹುದು?

ಈಗಿನ ಜಾಡಿನಲ್ಲೇ ಹೋದರೆ ಜಿಲ್ಲೆಯಲ್ಲಿ ಕೆಡೆಟ್‌ಗಳ ಸಂಖ್ಯೆ ಏರಬಹುದು. ಅವರಲ್ಲಿ ಏರ್ ವಿಂಗ್‌ನವರು ಅಷ್ಟಾಗಿ ಇರಲಾರರು. ಏರ್ ವಿಂಗ್ ಬೇಕಾದವರು ಈಗಾಗಲೇ ಇರುವ ಒಂದು ಕಳ್ಳದಾರಿಯನ್ನೇ ಹಿಡಿಯುತ್ತಾರೆ. ಕಳ್ಳದಾರಿ ಅಂದರೂ ಪೂರಾ ಕಾನೂನುಬದ್ಧವೇ: ಪ್ಲಸ್ ಟು ಮುಗಿಸಿ ಏರ್ ವಿಂಗ್ ಇರುವ ಮಂಗಳೂರಿನ ಕಾಲೇಜಿಗೆ ಡಿಗ್ರಿಗೆ ಸೇರುವುದು. ಬಿ ಸರ್ಟಿಫಿಕೇಟಿಗೆ ಎರಡು ವರ್ಷ, ಸಿಗೆ ಇನ್ನೊಂದು. ಡಿಗ್ರಿಯ ಮೂರು ವರ್ಷಕ್ಕೆ ಸರಿಯಾಗಿ ಕೂರುತ್ತದೆ. ಶಾಲೆಯಲ್ಲಿ ಎ ಸರ್ಟಿಫಿಕೇಟ್ ಸಿಗಲಿಲ್ಲ ಅಂತ ಕೊರಗಬೇಕಾದ್ದೂ ಇಲ್ಲ. ಆದರೆ ದಿನಾ ಗಡಿ ದಾಟುವ ಬಸ್ಸಿನ ಖರ್ಚು, ಕಾಲೇಜಿನ ಫೀಸು, ಬೆಳಿಗ್ಗೆ ಆರಕ್ಕೆ ಪರೇಡ್ ಇದ್ದರೆ ಹಾಸ್ಟೆಲಿನ ಖರ್ಚು ತಡೆಯುವವರಿಗೆ ಮಾತ್ರ ಇದು ದಾರಿ. ಅಡೂರು, ದೇಲಂಪಾಡಿ ಕಡೆಯ ಒಳನಾಡಿನ ಮಕ್ಕಳಿಗೆ ಮಂಗಳೂರೂ ದೂರವೇ.

ನಡುವಿನ ದಾರಿ ಒಂದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುತ್ತಿಲ್ಲ. ಸ್ಕ್ವಾಡ್ರನ್ ಇಲ್ಲದಿದ್ದರೂ ಏರೋಮಾಡೆಲಿಂಗ್ ಕಲಿಸಬಹುದು. ಹಾರಾಟದ ತತ್ವ ಕಲಿಸಲು ಫಿಸಿಕ್ಸ್ ಮಾಷ್ಟ್ರು ಸಾಕು. ನಾಯಕತ್ವ ಶಿಬಿರದ ಹಲಗೆ, ಹಗ್ಗ, ಗಳ ಯಾವ ಊರಲ್ಲಿ ಸಿಗುವುದಿಲ್ಲ? ವಾರಕ್ಕೊಂದು ಸಲ ಮಂಗಳೂರಿಗೆ ಕಳಿಸುವುದಕ್ಕಿಂತ ವರ್ಷಕ್ಕೊಂದು ಸಲ ಹತ್ತು ದಿನ ಕಳಿಸಲು ಎರಡು ಡೈರೆಕ್ಟೊರೇಟುಗಳು ಒಪ್ಪುವುದು ಸುಲಭ. ಶಾಲೆ ಕೇರಳದಲ್ಲೇ ಇರುತ್ತದೆ, ದುಡ್ಡಿನ ಲೆಕ್ಕ ಅಲುಗುವುದಿಲ್ಲ, ಗ್ರೇಸ್ ಮಾರ್ಕಿನ ತಕರಾರೂ ಇಲ್ಲ.

ಅಲ್ಲಿವರೆಗೆ, ಜೂನ್‌ನಲ್ಲಿ ಶಾಲೆ ತೆರೆದಾಗ ಮುಖ್ಯೋಪಾಧ್ಯಾಯರ ಹತ್ತಿರ ಕೇಳಬೇಕಾದ್ದು ಮೂರು ವಿಷಯ. ನಮ್ಮ ಶಾಲೆ ಎನ್‌ಸಿಸಿಗೆ ಅರ್ಜಿ ಹಾಕಿದೆಯಾ, ಹಾಕಿದ್ದರೆ ಯಾವ ವಿಂಗಿಗೆ, ಎಎನ್‌ಒ ಆಗಲು ಯಾವ ಮಾಷ್ಟ್ರು ಒಪ್ಪಿದ್ದಾರೆ? ಎಂಟನೇ ತರಗತಿಯ ಮಗು ಪೈಲಟ್ ಆಗುತ್ತೇನೆ ಅನ್ನುತ್ತಿದ್ದರೆ ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರವೂ ಒಂದು ಸಲ ಕರೆದುಕೊಂಡು ಹೋಗಿ. ಕೆಂಪು, ಹಸಿರು ಬಣ್ಣ ಬೇರೆ ಬೇರೆಯಾಗಿ ಕಾಣುತ್ತದಾ ಅಂತ ನೋಡಲು ಐದು ನಿಮಿಷ ಸಾಕು.